ಪಾಂಡಾಸ್ ಹಳೆಯದಿರಲಿ, ಹೊಸದಿರಲಿ, ಟೆಸ್ಟ್ ಪಾಸಾಗಬೇಕು: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ, ಮಂಡ್ಯದಿಂದ

ಕೃಷ್ಣರಾಜಸಾಗರದ ದಿನವಹಿ ನೀರಿನ ಮಟ್ಟದಿಂದ ತಿಂಗಳವಾರು ಸರಾಸರಿ ತೆಗೆಯುವ ಒಂದು ಚಿಕ್ಕ ಪೈಥಾನ್ ಲೈಬ್ರರಿಯನ್ನು (ಇತರರೂ ತಮ್ಮ ಪ್ರೋಗ್ರಾಂಗಳಲ್ಲಿ ಬಳಸಬಹುದಾದ ಕೋಡ್) ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದೇನೆ. ಅದನ್ನು ಬಳಸುವ ಕೆಲವರಲ್ಲಿ, ಕೋಷ್ಟಕ ರೂಪದ ಅಂಕಿಗಳನ್ನು ನಿಭಾಯಿಸುವ ಪಾಂಡಾಸ್ ಲೈಬ್ರರಿಯ 2.0 ಆವೃತ್ತಿ ಇದೆ, ಉಳಿದವರಲ್ಲಿ 2.2 ಇದೆ. ತಿಂಗಳ ಕೊನೆಯನ್ನು ಸೂಚಿಸಲು ‘ಎಂ’ ಎಂದು ಬರೆದರೆ 2.2 ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆಗಳನ್ನೆಲ್ಲ ದೋಷವೆಂದೇ ಎಣಿಸುವಂತೆ ಪೈಟೆಸ್ಟ್‌ಗೆ (ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳನ್ನು ಓಡಿಸುವ ಸಾಧನ) ಹೇಳಿಟ್ಟಿರುವುದರಿಂದ ಟೆಸ್ಟ್ ಫೇಲಾಗುತ್ತದೆ. ‘ಎಂಇ’ ಎಂದು ತಿದ್ದಿದರೆ 2.0ಕ್ಕೆ ಅದು ಅರ್ಥವೇ ಆಗುವುದಿಲ್ಲ. ಸದ್ಯಕ್ಕೆ ಹನ್ನೆರಡು ಟೆಸ್ಟ್‌ಗಳಲ್ಲಿ ಆವೃತ್ತಿಯನ್ನು ನೋಡಿ ಕವಲೊಡೆಯುವ ‘ಇಫ್’ ಸಾಲುಗಳನ್ನು ತುರುಕಿದ್ದೇನೆ. ಈಗ ಅವನ್ನು ಓದಲು ನನಗೇ ಬೇಸರವಾಗುತ್ತಿದೆ. ತಾವೆಲ್ಲ ಏನು ಮಾಡುತ್ತೀರಿ?

ಉತ್ತರ, ಮೈಸೂರಿನ ಹೆಬ್ಬಾಳದಿಂದ

ತಾವು ಹೇಳಿದ ತೊಡಕಿಗೆ ‘ಇಫ್’ ಬೇಕಾಗಿಯೇ ಇಲ್ಲ. ‘ಎಂ’, ‘ಎಂಇ’ ಎರಡೂ ಅಡ್ಡಹೆಸರುಗಳು. ಅವುಗಳ ಹಿಂದಿರುವ ವಸ್ತು (ಆಬ್ಜೆಕ್ಟ್) ಪಾಂಡಾಸ್‌ನ ಆಫ್‌ಸೆಟ್ಸ್ ವಿಭಾಗದ ‘ಮಂತ್‌ಎಂಡ್’. ದಿನವಹಿ ಅಂಕಿಗಳನ್ನು ತಿಂಗಳವಾರು ಗುಂಪು ಮಾಡುವ ರೀಸ್ಯಾಂಪಲ್‌ಗೆ ಅಕ್ಷರದ ಬದಲು ಆ ವಸ್ತುವನ್ನೇ ಕೊಟ್ಟರೆ 2.0 ಕೂಡ ಒಪ್ಪುತ್ತದೆ, 2.2 ಕೂಡ ತಕರಾರಿಲ್ಲದೆ ಒಪ್ಪುತ್ತದೆ. ಹೀಗೆ ಎರಡೂ ಕಡೆ ನಡೆಯುವ ಬರವಣಿಗೆ ಇದೆಯೇ ಎಂದು ಮೊದಲು ಹುಡುಕಿ, ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಆವೃತ್ತಿಯನ್ನು ವಿಚಾರಿಸುವುದು ನನ್ನ ರೂಢಿ.

ವಿಚಾರಿಸಲೇಬೇಕಾದಾಗ ಆ ಸಾಲು ಟೆಸ್ಟ್‌ನೊಳಗೆ ಇರಬಾರದು. ‘ಕಾಂಪ್ಯಾಟ್’ ಎಂಬ ಒಂದೇ ಫೈಲಿನಲ್ಲಿ ಎಲ್ಲ ವ್ಯತ್ಯಾಸಗಳನ್ನೂ ಇಟ್ಟು, ಟೆಸ್ಟ್‌ಗಳು ಅಲ್ಲಿಂದ ಕೇಳಿ ಪಡೆಯುವಂತೆ ಮಾಡಿದರೆ, ಮುಂದೊಂದು ದಿನ ಹಳೆಯ ಆವೃತ್ತಿಯನ್ನು ಕೈಬಿಡುವಾಗ ಅಲ್ಲಿನ ನಾಲ್ಕು ಸಾಲು ಅಳಿಸಿದರೆ ಕೆಲಸ ಮುಗಿಯುತ್ತದೆ. ಆವೃತ್ತಿ ಸಂಖ್ಯೆಗಳನ್ನು ಬರೀ ಅಕ್ಷರಗಳಾಗಿ ಹೋಲಿಸಬೇಡಿ. ಹಾಗೆ ಹೋಲಿಸಿದರೆ ನಮ್‌ಪೈ (ಪಾಂಡಾಸ್ ಆಧರಿಸಿರುವ, ಸಂಖ್ಯೆಗಳ ಲೆಕ್ಕದ ಲೈಬ್ರರಿ) 1.26ಕ್ಕಿಂತ 1.9 ದೊಡ್ಡದು ಎಂಬ ಉತ್ತರ ಬರುತ್ತದೆ, ಏಕೆಂದರೆ ಚುಕ್ಕೆಯ ನಂತರ 2ಕ್ಕಿಂತ 9 ದೊಡ್ಡದು. ಈ ತಪ್ಪನ್ನು ಮಾಡಿ ಒಂದು ಇಡೀ ಶನಿವಾರ ಕಳೆದುಕೊಂಡವನು ನಾನು. ‘ಪ್ಯಾಕೇಜಿಂಗ್’ ಲೈಬ್ರರಿಯ ‘ವರ್ಷನ್’ ಇದನ್ನು ಸರಿಯಾಗಿ ಹೋಲಿಸುತ್ತದೆ.

ಇನ್ನೊಂದು ಮಾತು, ತಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಬೇಗನೆ ಎದುರಾಗುವಂಥದ್ದು. 2024ರ ಜೂನ್‌ನಲ್ಲಿ ನಮ್‌ಪೈ 2.0 ಬಂದಾಗ, ಅದುವರೆಗೆ 124.8 ಎಂದಷ್ಟೇ ತೋರುತ್ತಿದ್ದ ಮೌಲ್ಯವು ‘ಎನ್‌ಪಿ.ಫ್ಲೋಟ್64(124.8)’ ಎಂದು ಕಾಣತೊಡಗಿತು. ನಮ್ಮ ಡಾಕ್‌ಟೆಸ್ಟ್‌ಗಳು (ವಿವರಣೆಯಲ್ಲಿನ ಉದಾಹರಣೆಗಳನ್ನೇ ಓಡಿಸಿ ನೋಡುವ ಟೆಸ್ಟ್‌ಗಳು) ಪರದೆಯ ಮೇಲೆ ಮೂಡುವ ಅಕ್ಷರಗಳನ್ನೇ ನಂಬಿಕೊಂಡಿದ್ದರಿಂದ, ಲೆಕ್ಕ ಸರಿಯಾಗಿಯೇ ಇದ್ದರೂ, ಸಾಲುಸಾಲಾಗಿ ಫೇಲಾದವು. ಮುದ್ರಣವನ್ನು ‘1.25’ರ ಹಳೆಯ ಶೈಲಿಗೆ ಹಿಂದಿರುಗಿಸುವ ಸೌಲಭ್ಯ ನಮ್‌ಪೈನಲ್ಲಿಯೇ ಇದೆ, ಆದರೆ ಅದು ತಾತ್ಕಾಲಿಕ ಪರಿಹಾರ. ಸಂಖ್ಯೆಯನ್ನು ಸಂಖ್ಯೆಯಾಗಿಯೇ, ಪೈಟೆಸ್ಟ್‌ನ ‘ಅಪ್ರಾಕ್ಸ್’ ಮೂಲಕ ಹೋಲಿಸಿ. ಬೇರೆ ಏನೂ ಹೇಳದಿದ್ದರೆ ಅದು ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವನ್ನು ಮನ್ನಿಸುತ್ತದೆ. ಅಣೆಕಟ್ಟೆಯ ಪೂರ್ಣ ಮಟ್ಟವಾದ 124.80 ಅಡಿಗೆ ಆ ನಿಖರತೆ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು.

ಉತ್ತರ, ಮಂಡ್ಯದ ಕಾಲೇಜೊಂದರ ಅಧ್ಯಾಪಕಿಯಿಂದ

ಮೇಲಿನವರು ಹೇಳಿದ್ದಕ್ಕೆ ಸೇರಿಸಬೇಕಾದದ್ದು ಎರಡಿವೆ. ಎಲ್ಲ ಪಾಂಡಾಸ್‌ಗಳನ್ನೂ ಎಲ್ಲ ನಮ್‌ಪೈಗಳನ್ನೂ ಜೋಡಿ ಮಾಡಿ ಓಡಿಸಲು ಹೋಗಬೇಡಿ. ಕೆಲವು ಜೋಡಿಗಳು ಹೊಂದುವುದೇ ಇಲ್ಲ: ನಮ್‌ಪೈ 2.0ಕ್ಕೆ ಹೊಂದಿಕೊಂಡ ಮೊದಲ ಪಾಂಡಾಸ್ 2.2.2, ಅದಕ್ಕಿಂತ ಹಳೆಯದನ್ನು ಜೊತೆಗಿಟ್ಟರೆ ಇಂಪೋರ್ಟ್ ಮಾಡುವಾಗಲೇ ದೋಷ ಬರುತ್ತದೆ. ತಾವು ಬೆಂಬಲಿಸುತ್ತೇವೆಂದು ಬರೆದುಕೊಂಡಿರುವ ಅತಿ ಹಳೆಯ ಆವೃತ್ತಿಗಳ ಒಂದು ಗುಂಪು, ಅತಿ ಹೊಸದರ ಒಂದು ಗುಂಪು, ಇಷ್ಟು ಸಾಕು. ಹಳೆಯ ಗುಂಪನ್ನು ಕೈಯಿಂದ ಬರೆಯಬೇಕಾಗಿಲ್ಲ. ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಸಾಧನವಾದ ‘ಯುವಿ’ಗೆ ‘ಲೋಯೆಸ್ಟ್-ಡೈರೆಕ್ಟ್’ ಎಂದು ಹೇಳಿದರೆ ಅದೇ ಆರಿಸಿಕೊಡುತ್ತದೆ.

ಎರಡನೆಯದು ‘ಸ್ಕಿಪ್’ ಕುರಿತು. ಹಳೆಯ ಆವೃತ್ತಿಯಲ್ಲಿ ನಡೆಯದ ಟೆಸ್ಟನ್ನು ಸ್ಕಿಪ್ ಮಾಡಿದರೆ ಫಲಿತಾಂಶ ಹಸಿರಾಗಿಯೇ ಇರುತ್ತದೆ, ಮುಂದೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಪಾಂಡಾಸ್‌ನಂಥ ಲೈಬ್ರರಿಯ ಯಾವುದೋ ದೋಷದಿಂದ ಟೆಸ್ಟ್ ಬೀಳುತ್ತಿದ್ದರೆ ‘ಎಕ್ಸ್‌ಫೇಲ್’ (ಫೇಲಾಗುವುದು ನಿರೀಕ್ಷಿತ) ಎಂಬ ಗುರುತು ಹಾಕಿ, ‘ಸ್ಟ್ರಿಕ್ಟ್’ ಅನ್ನು ಸತ್ಯವೆಂದು ಕೊಡಿ. ಹೊಸ ರಿಲೀಸಿನಲ್ಲಿ ಆ ದೋಷ ಸರಿಹೋದ ದಿನ ಟೆಸ್ಟ್ ಅನಿರೀಕ್ಷಿತವಾಗಿ ಪಾಸಾಗಿ, ಆ ಕಾರಣಕ್ಕೇ ಕೆಂಪಾಗಿ, ಗುರುತನ್ನು ತೆಗೆಯುವಂತೆ ತಮ್ಮನ್ನು ಎಚ್ಚರಿಸುತ್ತದೆ.

ಉತ್ತರ, ಮೈಸೂರಿನ ಸರಸ್ವತೀಪುರಂನಿಂದ

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಪಾಂಡಾಸ್ 2.0 ಬಂದದ್ದು 2023ರ ಏಪ್ರಿಲ್‌ನಲ್ಲಿ. ವೈಜ್ಞಾನಿಕ ಪೈಥಾನ್ ಬಳಗದವರು ‘ಸ್ಪೆಕ್ 0’ ಎಂದು ಒಪ್ಪಿಕೊಂಡಿರುವ ಶಿಫಾರಸಿನ ಪ್ರಕಾರ ಇಂಥ ಮೂಲ ಪ್ಯಾಕೇಜುಗಳ ಬೆಂಬಲವನ್ನು ಎರಡು ವರ್ಷಗಳ ನಂತರ ಕೈಬಿಡಬಹುದು. ಒಬ್ಬರೇ ನಿರ್ವಹಿಸುವ ಲೈಬ್ರರಿಗೆ ಇದಕ್ಕಿಂತ ಹೆಚ್ಚಿನ ಹೊರೆ ಏಕೆ?

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಸರಸ್ವತೀಪುರಂನ ಮಿತ್ರರ ಮಾತು ನ್ಯಾಯವಾದದ್ದೇ, ಆದರೆ ನನ್ನ ಲೈಬ್ರರಿಯನ್ನು ನಿಜವಾಗಿ ಬಳಸುವವರು ಆರೇಳು ಮಂದಿ, ಅವರಲ್ಲಿ ಮೂವರ ಗಣಕಗಳಲ್ಲಿ ಅವರಾಗಿಯೇ ಏನನ್ನೂ ಇನ್‌ಸ್ಟಾಲ್ ಮಾಡುವಂತಿಲ್ಲ. ಆದ್ದರಿಂದ ಈ ಮುಂಗಾರು ಮುಗಿಯುವವರೆಗೆ 2.0 ಉಳಿಯುತ್ತದೆ. ಮಂತ್‌ಎಂಡ್ ವಸ್ತುವನ್ನು ಹಾಕಿದ ಕೂಡಲೇ ಹನ್ನೆರಡರಲ್ಲಿ ಒಂಬತ್ತು ‘ಇಫ್’ಗಳು ಹೋದವು, ಎರಡು ಕಾಂಪ್ಯಾಟ್ ಫೈಲಿಗೆ ಸೇರಿದವು. ಉಳಿದ ಒಂದನ್ನು ಬಿಡಿಸಿ ನೋಡಿದಾಗ, ಅದು ಪಾಂಡಾಸ್‌ಗೆ ಸಂಬಂಧಿಸಿದ್ದೇ ಅಲ್ಲ, ಫೆಬ್ರುವರಿಗೆ 28 ದಿನವೆಂದು ನಾನೇ ಬರೆದಿಟ್ಟಿದ್ದ ತಪ್ಪು ಎಂದು ತಿಳಿಯಿತು.