ಪದಚರ್ಚೆ: ‘ಇನ್ಸುಲಿನ್ ಪ್ರತಿರೋಧ’ ಯಾರದು, ಯಾರಿಗೆ?

ಶಿರಸಿಯಿಂದ ಬಂದ ಪ್ರಶ್ನೆ: ಆರೋಗ್ಯ ಶಿಬಿರದ ಕರಪತ್ರದಲ್ಲಿ “ಆರೋಗ್ಯವಂತ ವಯಸ್ಕರಲ್ಲಿ ಥೈರಾಯ್ಡ್‌ನಿಂದ ಇನ್ಸುಲಿನ್ ನಿರೋಧಕ ಶಕ್ತಿ” ಎಂದು ಬರೆಯಬಹುದೇ?

ಉತ್ತರ: ಬೇಡ. ಒಂದೇ ಸಾಲು ಮೂರು ಕಡೆ ಎಡವುತ್ತದೆ.

ನಮ್ಮ ಘಟ್ಟದ ಮೇಲಿನ ಮಾತಿನಲ್ಲಿ “ಅತ್ತೆಗೆ ಥೈರಾಯ್ಡ್ ಇದ್ದು” ಅಂದರೆ ಕಾಯಿಲೆ ಇದೆ ಎಂದೇ ಅರ್ಥ. ‘ಶುಗರ್ ಇದ್ದು’, ‘ಬೀಪಿ ಇದ್ದು’ ಇದ್ದ ಹಾಗೆ. ಆರೋಗ್ಯವಂತರಿಗೆ ಥೈರಾಯ್ಡ್ ಎಲ್ಲಿಂದ ಬಂತು ಎಂದು ಓದುಗರು ತಡವರಿಸುತ್ತಾರೆ. ‘ಥೈರಾಯ್ಡ್ ಗ್ರಂಥಿಯ ಕೆಲಸ’ ಎನ್ನಿ. ಗ್ರೀಕಿನ ‘ಗುರಾಣಿ’ಯಿಂದ ಬಂದ ಹೆಸರಾದ್ದರಿಂದ ‘ಗುರಾಣಿಕ ಗ್ರಂಥಿ’ ಎನ್ನುವುದೂ ಉಂಟು. ಚೆಂದದ ಪದ, ಆದರೆ ಲ್ಯಾಬ್ ಚೀಟಿಯಲ್ಲಿ ಅದು ಸಿಗುವುದಿಲ್ಲ.

‘ನಿರೋಧಕ ಶಕ್ತಿ’ ಎಂದೊಡನೆ ರೋಗನಿರೋಧಕ ಶಕ್ತಿ ನೆನಪಾಗಿ, ಕೆಟ್ಟದ್ದು ಒಳ್ಳೆಯದಾಗಿ ಕಾಣುತ್ತದೆ. ‘ಇನ್ಸುಲಿನ್ ಪ್ರತಿರೋಧ’ ವಾಸಿ, ಆದರೂ ವಿಭಕ್ತಿ ಲೋಪವಾದ್ದರಿಂದ ಇನ್ಸುಲಿನ್ನೇ ಏನನ್ನೋ ತಡೆಯುತ್ತಿದೆ ಎಂದೂ ಓದಬಹುದು. ನಿಜಕ್ಕೆ ಇನ್ಸುಲಿನ್ ಇದೆ. ಸ್ನಾಯು, ಯಕೃತ್ತು, ಕೊಬ್ಬಿನ ಜೀವಕೋಶಗಳು ಅದರ ಮಾತಿಗೆ ಸರಿಯಾಗಿ ಓಗೊಡುತ್ತಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸಿ ಸರಿದೂಗಿಸುವುದರಿಂದ ಸಕ್ಕರೆ ಅಂಕಿ ಬಹುಕಾಲ ಸಹಜವಾಗಿಯೇ ಇರುತ್ತದೆ. ಮೊದಲ ಸಲ ಚತುರ್ಥಿ ಹಚ್ಚಿ ‘ಇನ್ಸುಲಿನ್‌ಗೆ ಪ್ರತಿರೋಧ’ ಎಂದು ಬರೆಯಿರಿ. ಜನರಿಗೆ ಹೇಳುವಾಗ ‘ಮದ್ದು ನಾಟಲಿಲ್ಲ’ ಎನ್ನುವ ನಮ್ಮದೇ ಮಾತಿದೆಯಲ್ಲ: ‘ಇನ್ಸುಲಿನ್ ಸರಿಯಾಗಿ ನಾಟದಿರುವುದು’. ‘ಸರಿಯಾಗಿ’ ಬಿಡಬೇಡಿ, ಪೂರ್ತಿ ನಾಟುವುದಿಲ್ಲ ಎಂದಲ್ಲ.

ಎಲ್ಲಕ್ಕಿಂತ ಅಪಾಯದ್ದು ‘ಇಂದ’. ಥೈರಾಯ್ಡ್ ಹಾರ್ಮೋನು ಸ್ನಾಯುವಿನೊಳಗೆ ಸಕ್ಕರೆ ಸೇರುವುದನ್ನೂ ಯಕೃತ್ತು ಸಕ್ಕರೆ ತಯಾರಿಸುವುದನ್ನೂ ಪ್ರಭಾವಿಸುತ್ತದೆ, ಹಾಗಾಗಿ ನಂಟು ಇದೆ. ಆದರೆ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡೆಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು) ಸಹಜ ಮಿತಿಯೊಳಗೇ, ಸುಮಾರು ಲೀಟರಿಗೆ 0.4ರಿಂದ 4 ಮಿಲಿಯೂನಿಟ್‌ವರೆಗೆ, ಇರುವವರಲ್ಲಿ ಕಂಡ ನಂಟು ಕಾರಣವೆಂದು ಸಾಬೀತಾದಂತಲ್ಲ. ಅಧ್ಯಯನಗಳೆಲ್ಲ ಒಂದೇ ಉತ್ತರ ಕೊಟ್ಟೂ ಇಲ್ಲ. ಎರಡಕ್ಕೂ ಬೇರೆಯೇ ಒಂದು ಕಾರಣ ಇರಬಹುದು: ಮೈಯಲ್ಲಿ ಕೊಬ್ಬು ಹೆಚ್ಚಿದಾಗ ಅದರಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನು ಟಿಎಸ್‌ಎಚ್ ಅನ್ನು ಏರಿಸಬಲ್ಲದು, ಅದೇ ಕೊಬ್ಬು ಇನ್ಸುಲಿನ್ ನಾಟದಂತೆಯೂ ಮಾಡುತ್ತದೆ. ಆದ್ದರಿಂದ ಸಾಲು ಹೀಗಿರಲಿ: “ಆರೋಗ್ಯವಂತ ವಯಸ್ಕರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೂ ಇನ್ಸುಲಿನ್‌ಗೆ ಪ್ರತಿರೋಧಕ್ಕೂ ಇರುವ ನಂಟು”. ‘ಕ್ಕೂ... ಕ್ಕೂ’ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ.

ಕರಪತ್ರದಲ್ಲಿ ಕೆಳಗೆ ‘ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಚುರುಕು’ ಎಂದಿದ್ದೀರಿ. ತಿರುಗಾಮುರುಗಾ ಆಗಿದೆ. ಟಿಎಸ್‌ಎಚ್ ಎಂದರೆ ಪಿಟ್ಯುಟರಿ ಕೊಡುವ ತಾಕೀತು. ಸಾಮಾನ್ಯವಾಗಿ ಥೈರಾಯ್ಡ್ ಮಂದವಾದಾಗಲೇ ತಾಕೀತು ಜೋರಾಗುವುದು.

ಇನ್ಸುಲಿನ್‌ಗೆ ಪ್ರತಿರೋಧ ಎಷ್ಟಿದೆ ಎಂದು ಅಂದಾಜಿಸುವ ಹೋಮಾ ಸೂತ್ರದಲ್ಲೂ ಒಂದು ತಿದ್ದುಪಡಿ. ಬರಿಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 90 ಮಿಲಿಗ್ರಾಂ, ಇನ್ಸುಲಿನ್ ಮಿಲಿಲೀಟರಿಗೆ 9 ಮೈಕ್ರೋಯೂನಿಟ್ ಇದ್ದರೆ ಗುಣಿಸಿ 405ರಿಂದ ಭಾಗಿಸಬೇಕು, ಉತ್ತರ 2. ಸಕ್ಕರೆ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿದ್ದರೆ ಭಾಜಕ 22.5. ಕರಡಿನಲ್ಲಿ ಮಿಲಿಗ್ರಾಂ ಅಂಕಿಯನ್ನು 22.5ರಿಂದ ಭಾಗಿಸಿ 36 ಎಂದು ಬರೆದಿದೆ.