ತೋಟದ ಕಳೆ ಬೇರುಸಮೇತ ಕೀಳಬೇಕಾ, ಕೊಚ್ಚಿದರೆ ಸಾಕಾ?

ಪ್ರಶ್ನೆ: ಮೇಡಂ, ಪೊನ್ನಂಪೇಟೆ ಕಡೆ ನಮ್ಮದು ರೊಬಸ್ಟಾ ಕಾಫಿ ತೋಟ, ಕೆಳಗೆ ಸ್ವಲ್ಪ ಗದ್ದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ತೋಟದಲ್ಲಿ ಶೇ. 2.1, ಗದ್ದೆಯಲ್ಲಿ ಶೇ. 0.7 ಬಂದಿದೆ. ಕಳೆಯನ್ನು ಗುದ್ದಲಿಯಲ್ಲಿ ಅಗೆದು ಬೇರುಸಮೇತ ತೆಗೆಯಬೇಕು ಅಂತ ಅಪ್ಪ. ಮಿಷನ್‌ನಲ್ಲಿ ಕೊಚ್ಚಿ ಬೇರು ಬಿಡೋಣ, ಇಂಗಾಲ ಜಾಸ್ತಿ ಆಗುತ್ತದೆ ಅಂತ ನಾನು. ಇಷ್ಟೊಂದು ತರಗೆಲೆ ಬೀಳುವಾಗ ಕಳೆ ಬೇರಿನಿಂದ ಏನು ಮಹಾ ಅಂತಾರೆ ಅವರು. ಯಾರು ಸರಿ?

ಉತ್ತರ (ಮಣ್ಣು ವಿಜ್ಞಾನಿ): ಕೊಚ್ಚಿ ಬಿಡಿ. ತರಗೆಲೆ ಬೇಡ ಅಂತಲ್ಲ, ಮಳೆ ಹೊಡೆತದಿಂದ ಮಣ್ಣು ಕಾಯುವುದೇ ಅದು. ಆದರೆ ಅದರ ಇಂಗಾಲದ ಹೆಚ್ಚು ಪಾಲು ಮೇಲೆಯೇ ಕೊಳೆತು ಗಾಳಿಗೆ ಹೋಗುತ್ತದೆ. ಬೇರು ಹಾಗಲ್ಲ, ಸಾಯುವುದೇ ಮಣ್ಣಿನೊಳಗೆ. ಬದುಕಿರುವಾಗಲೂ ಸುಮ್ನೆ ಇರುವುದಿಲ್ಲ, ಸಕ್ಕರೆ, ಆಮ್ಲ ಒಸರುತ್ತಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆದು ಸಾಯುತ್ತವೆ. ಅವುಗಳ ಉಳಿಕೆ ಜೇಡಿಗೆ, ನಮ್ಮ ಕೆಂಪು ಮಣ್ಣಿನ ಕಬ್ಬಿಣದ ಅಂಶಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ್ದು ಬೇಗ ಕರಗುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2005ರ ಒಂದು ಅಧ್ಯಯನದ ಪ್ರಕಾರ, ಬೇರಿನ ಇಂಗಾಲ ಮಣ್ಣಲ್ಲಿ ಉಳಿಯುವ ಕಾಲ ಕಾಂಡ, ಎಲೆಯದಕ್ಕಿಂತ ಸರಾಸರಿ 2.4 ಪಟ್ಟು.

ಅಗೆದರೆ ಇನ್ನೊಂದು ನಷ್ಟ ಇದೆ. ಕಾಫಿಯ ಆಹಾರ ಹೀರುವ ಬೇರು ಬಹುಪಾಲು ಮೇಲಿನ ಒಂದು ಅಡಿಯಲ್ಲೇ ಇರುವುದು, ಅದೂ ತುಂಡಾಗುತ್ತದೆ. ಇಳಿಜಾರಾದರೆ ಸಡಿಲವಾದ ಮಣ್ಣು ಜುಲೈ ಮಳೆಗೆ ತೋಡು ಸೇರುತ್ತದೆ. ಹೊಸ ಗಿಡಗಳ ಬುಡ ಮಾತ್ರ ಕೈಯಲ್ಲಿ ಸ್ವಚ್ಛ ಮಾಡಿ. ಅಷ್ಟರ ಮಟ್ಟಿಗೆ ನಿಮ್ಮ ಅಪ್ಪ ಸರಿ.

ನನಗೆ ಯೋಚನೆ ತೋಟದ್ದಲ್ಲ, ಗದ್ದೆಯದ್ದು. ಕೊಯ್ಲಾದ ಮೇಲೆ ಮುಂದಿನ ಮಳೆವರೆಗೆ ಅಲ್ಲಿ ಜೀವಂತ ಬೇರೇ ಇಲ್ಲ, ಅಲ್ವಾ? ತೇವ ಆರುವ ಮುಂಚೆ ಅಲಸಂದೆಯೋ ಹೆಸರೋ ಬಿತ್ತಿ. ಕೂಳೆಗೆ ಬೆಂಕಿ ಹಾಕಬೇಡಿ.

ಇನ್ನೊಬ್ಬ ಸದಸ್ಯರು: ಬೇರು ಒಸರಿದ್ದನ್ನು ತಿಂದು ಚುರುಕಾದ ಜೀವಿಗಳು ಹಳೇ ಇಂಗಾಲವನ್ನೂ ಖಾಲಿ ಮಾಡುತ್ತವೆ ಅಂತ ಓದಿದೆ. ನಿಜವಾ?

ಉತ್ತರ: ನಿಜ. ಮಣ್ಣಲ್ಲಿ ಸಾರಜನಕ ಕಡಿಮೆ ಇದ್ದರೆ ಅದು ಇನ್ನೂ ಜಾಸ್ತಿ ಆಗಬಹುದು. ಹಾಗಂತ ನೆಲ ಬರಿದು ಬಿಟ್ಟರೆ ಇಂಗಾಲ ಉಳಿಯುತ್ತದಾ? ಒಳಗೆ ಬರುವುದು ನಿಲ್ಲುತ್ತದೆ, ಕೊಳೆಯುವುದು ನಡೆದೇ ಇರುತ್ತದೆ. ದ್ವಿದಳ ಬೆಳೆ ಹೇಳಿದ್ದು ಇದಕ್ಕೂ ಸೇರಿಸಿಯೇ, ಸಾರಜನಕ ಅದೇ ತರುತ್ತದೆ.

ಪ್ರಶ್ನೆ ಕೇಳಿದವರು: ಬರುವ ವರ್ಷ ಪರೀಕ್ಷೆ ಮಾಡಿಸಿದರೆ ವ್ಯತ್ಯಾಸ ಕಾಣುತ್ತದಾ ಮೇಡಂ?

ಉತ್ತರ: ಇಲ್ಲ, ದುಡ್ಡು ದಂಡ. ನಾಲ್ಕೈದು ವರ್ಷ ಬಿಟ್ಟು ಮಾಡಿಸಿ. ಅದೇ ತಿಂಗಳು, ಅದೇ ಆಳ. ತರಗೆಲೆ ಪೂರ್ತಿ ಸರಿಸಿ ಮಣ್ಣು ತೆಗೆಯಿರಿ, ಅದು ಸೇರಿಕೊಂಡರೆ ನಂಬರ್ ಸುಮ್ನೆ ಏರಿಬಿಡುತ್ತದೆ.