ಟೆಸ್ಟ್ ಟೋನ್ ಹಾಕಿದ್ದಕ್ಕೆ ಸ್ಪೀಕರ್ ಬಾಕ್ಸಿನ ಹಾರ್ನ್ ಸುಟ್ಟೋಯ್ತು, ಎಷ್ಟು ಲೆವೆಲಲ್ಲಿ ಹಾಕ್ಬೇಕಿತ್ತು?

ಸುಂಟಿಕೊಪ್ಪದಿಂದ:
ನಮಸ್ಕಾರ, ಮದುವೆ ನಾಮಕರಣಕ್ಕೆಲ್ಲ ಸಣ್ಣದಾಗಿ ಸೌಂಡ್ ಹಾಕ್ತೀನಿ. ಮಳೆಗಾಲ ಪೂರ್ತಿ ಮೂಲೇಲಿದ್ದ ಟಾಪ್ ಬಾಕ್ಸ್‌ನ ದಸರಾಕ್ಕೆ ಮುಂಚೆ ಚೆಕ್ ಮಾಡೋಣ ಅಂತ ಫೋನಿಂದ 4 ಕಿಲೋಹರ್ಟ್ಸ್ ಟೋನ್ ಫುಲ್ ಕೊಟ್ಟೆ, ಎರಡು ನಿಮಿಷ ಆಗಿಲ್ಲ ಸುಟ್ಟ ವಾಸನೆ ಬಂತು, ತೆಳು ಸೌಂಡ್ ಬರೋ ಹಾರ್ನಲ್ಲಿ ಸೌಂಡೇ ಇಲ್ಲ. 15 ಇಂಚಿನ ಬಾಕ್ಸು, 300 ವಾಟ್ ಆರ್‌ಎಮ್‌ಎಸ್, 8 ಓಮ್, ಆಂಪ್ 400 ವಾಟು. ಇದೇ ಸೆಟ್ಟಲ್ಲಿ ರಾತ್ರಿಯಿಡೀ ಹಾಡು ಹಾಕಿದೀನಿ ಏನೂ ಆಗಿಲ್ಲ, ಟೋನಿಗೆ ಮಾತ್ರ ಯಾಕೆ ಹೀಗೆ?

ಮಡಿಕೇರಿಯಿಂದ:
ಅಣ್ಣ, 300 ವಾಟ್ ಅನ್ನೋದು ಇಡೀ ಬಾಕ್ಸಿಗೆ, ಹಾರ್ನಿಗಲ್ಲ. ಹಾರ್ನಿನ ಕಾಯಿಲ್ ತಂತಿ ಕೂದಲಿನ ಥರ ಇರುತ್ತೆ, ಅದು ತಡ್ಕೊಳ್ಳೋದು ಬಹಳ ಕಮ್ಮಿ. ಹಾಡಲ್ಲಿ ಪವರ್ ಜಾಸ್ತಿ ಹೋಗೋದು ಬೇಸ್ ಸ್ಪೀಕರಿಗೆ, ಮೇಲಾಗಿ ಹಾಡಿನ ಸರಾಸರಿ ಅದರ ಪೀಕಿಗಿಂತ 10-15 ಡಿಬಿ (ಡೆಸಿಬೆಲ್) ಕೆಳಗೇ ಇರುತ್ತೆ, ನಡುನಡುವೆ ಕಾಯಿಲ್ ತಣ್ಣಗಾಗೋಕೆ ಟೈಮ್ ಸಿಗುತ್ತೆ. ಸೈನ್ ಟೋನ್ ಹಾಗಲ್ಲ, ಪೀಕಿಗೂ ಸರಾಸರಿಗೂ ಬರೀ 3 ಡಿಬಿ ವ್ಯತ್ಯಾಸ, ಬಿಡುವೇ ಇಲ್ಲ. ನಿಮ್ಮ 4 ಕಿಲೋಹರ್ಟ್ಸನ್ನ ಬಾಕ್ಸೊಳಗೆ ಸೌಂಡ್ ಹಂಚೋ ಕ್ರಾಸೋವರ್ ಹೆಚ್ಚುಕಮ್ಮಿ ಪೂರ್ತಿ ಹಾರ್ನಿಗೇ ತಳ್ಳಿದೆ.
ಇನ್ಮೇಲೆ ಟೋನನ್ನ ಮೈನಸ್ 20 ಡಿಬಿಲಿ, ಅಂದ್ರೆ ಫುಲ್ಲಿಗಿಂತ 20 ಡಿಬಿ ಕೆಳಗೆ ಹಾಕಿ. 20 ಡಿಬಿ ಇಳಿದ್ರೆ ಪವರ್ ನೂರರಲ್ಲಿ ಒಂದು ಪಾಲು, ಅಂದ್ರೆ 400 ಇದ್ದಿದ್ದು 4 ವಾಟ್. ಸೌಂಡ್ ಬರ್ತಿದ್ಯಾ ಇಲ್ವಾ ನೋಡೋಕೆ ಅಷ್ಟು ಧಾರಾಳ, ಕಿವಿಗೂ ಒಳ್ಳೇದು.

ಗೋಣಿಕೊಪ್ಪದಿಂದ:
ಮೇಲಿನವರು ಹೇಳಿದ್ದು ಸರಿ. ಆಂಪ್ ಗೇನ್ ಎಲ್ಲಿಗೆ ನಿಲ್ಲಿಸ್ಬೇಕು ಅಂತ ಮಲ್ಟಿಮೀಟರಲ್ಲೇ ನೋಡ್ಬೋದು. ವಾಟನ್ನ ಓಮಿಂದ ಗುಣಿಸಿ ವರ್ಗಮೂಲ ತೆಗೆದ್ರೆ ವೋಲ್ಟ್ ಸಿಗುತ್ತೆ: 300 ಗುಣಿಸು 8, 2400, ಅದರ ವರ್ಗಮೂಲ 49. ಸ್ಪೀಕರ್ ವಯರ್ ಬಿಚ್ಚಿಟ್ಟು, ಲೋ ಕಟ್ (ಕಮ್ಮಿ ಫ್ರೀಕ್ವೆನ್ಸಿ ಕತ್ತರಿಸೋದು) ತೆಗೆದು, 50 ಹರ್ಟ್ಸ್ ಟೋನ್ ಕೊಟ್ಟು ಆಂಪ್ ಔಟ್‌ಪುಟ್ಟಲ್ಲಿ ಎಸಿ 49 ವೋಲ್ಟ್ ಬಂದಲ್ಲಿ ಮಾರ್ಕ್ ಮಾಡಿ. ಸಾದಾ ಮೀಟರ್ ಜಾಸ್ತಿ ಫ್ರೀಕ್ವೆನ್ಸಿಲಿ ಸರಿಯಾಗಿ ತೋರಿಸಲ್ಲ, ಅದಕ್ಕೇ 50 ಹೇಳಿದ್ದು. ಟರ್ಮಿನಲ್ ಮುಟ್ಬೇಡಿ, ಶಾಕ್ ಹೊಡೆಯುತ್ತೆ. ಟೋನ್ ನಿಲ್ಲಿಸಿ ಆಮೇಲೇ ಸ್ಪೀಕರ್ ಹಾಕಿ. ಆದ್ರೆ ಈ 49 ಹಾರ್ನಿಗೆ ಲೆಕ್ಕ ಅಲ್ಲ, ನೆನಪಿರ್ಲಿ.
ಇನ್ನೊಂದು, ಮೆರವಣಿಗೇಲಿ ಜನರೇಟರ್ ವೋಲ್ಟೇಜ್ ಇಳಿದಾಗ ಆಂಪ್ ಬೇಗ ಕ್ಲಿಪ್ ಆಗುತ್ತೆ, ಅಂದ್ರೆ ತಾಕತ್ತು ಮೀರಿ ಸೌಂಡಿನ ತುದಿ ಕತ್ತರಿಸಿಹೋಗುತ್ತೆ, ಕೆಂಪು ಲೈಟ್ ಹತ್ತಿದ್ರೆ ತಕ್ಷಣ ಇಳಿಸಿ, ಕ್ಲಿಪ್ ಆದ್ರೂ ಹಾರ್ನಿಗೇ ಪೆಟ್ಟು.

ಸುಂಟಿಕೊಪ್ಪದಿಂದ:
ತುಂಬಾ ಉಪಕಾರ ಆಯ್ತು ಇಬ್ರಿಗೂ. ಹಾರ್ನ್ ಬಿಚ್ಚಿ ಮೀಟರ್ ಇಟ್ಟೆ, ಓಪನ್ ಬರ್ತಿದೆ, ಅಂದ್ರೆ ಕಾಯಿಲ್ ಕಟ್. ಜೊತೆ ಬಾಕ್ಸಿಗೂ ಅರ್ಧ ನಿಮಿಷ ಟೋನ್ ಹೋಗಿತ್ತು, ಅದರ ಹಾರ್ನ್ 6 ಓಮ್ ಚಿಲ್ಲರೆ ತೋರಿಸ್ತಿದೆ, ಬಚಾವಾ?

ಮಡಿಕೇರಿಯಿಂದ:
ಕಾಯಿಲ್ ಕಟ್ಟಾಗಿಲ್ಲ. ಆದ್ರೂ ಬಿಸಿಗೆ ಸೊಟ್ಟ ಆಗಿರ್ಬೋದು, ಮೈನಸ್ 30 ಡಿಬಿಲಿ 2ರಿಂದ 10 ಕಿಲೋಹರ್ಟ್ಸ್ ತನಕ ಸ್ವೀಪ್ (ಮೆಲ್ಲಗೆ ಏರ್ತಾ ಹೋಗೋ ಟೋನ್) ಹಾಕಿ ಕಿವಿ ಕೊಟ್ಟು ಕೇಳಿ, ಕರಕರ ಅಂದ್ರೆ ಅದರ ಡಯಾಫ್ರಮ್ಮೂ (ಕಾಯಿಲ್ ಅಂಟಿರೋ ತೆಳು ಪೊರೆ) ಬದಲಾಯಿಸಿ.